ವರ್ಲಿನ್ ಹೊಂದಿಸಿದ ಗಡಿಯಾರ

ಗಡಿಯಾರ ಹೊಂದಿಸಿಕೊಳ್ಳಲು ಬಂದವರ ಸಾಲು ಅಡುಗೆಮನೆಯ ಬಾಗಿಲು ಮುಟ್ಟಿತ್ತು. ಅದನ್ನು ಕಂಡು ವರ್ಲಿನ್ ಓಡೆಗಾರ್ಡ್‌ಗೆ ಹಿಗ್ಗಾಯಿತು, ಹಿಗ್ಗಿದ್ದಕ್ಕೆ ತನ್ನ ಮೇಲೆಯೇ ಕೊಂಚ ಸಿಟ್ಟೂ ಬಂತು. ಎಪ್ಪತ್ತು ದಾಟಿದವನು, ಬದುಕಿನ ಮುಕ್ಕಾಲು ಪಾಲನ್ನು ಶಾಲೆಗಳನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುತ್ತ ಕಳೆದವನು, ಒಂದಿಷ್ಟು ಚೆಸ್ ಆಟಗಾರರು ಗಡಿಯಾರ ಹಿಡಿದು ತನ್ನ ಮುಂದೆ ನಿಂತರೆ ಇಷ್ಟು ಉಬ್ಬಬೇಕೆ? ಉಬ್ಬಬೇಕು ಎಂದು ಒಳಗಿನಿಂದ ಯಾರೋ ಹೇಳಿದರು. ಅಮೆರಿಕದ ಡುಲೂತ್ ಊರಿನ ಈ ಚರ್ಚಿನ ನೆಲಮಾಳಿಗೆಯಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ ಪಂದ್ಯಾವಳಿಗೆ ಹಲಗೆ, ಕಾಯಿ, ಗಡಿಯಾರ ಎಲ್ಲವನ್ನೂ ಆಟಗಾರರೇ ಹೊತ್ತು ತರಬೇಕು, ಹೊಂದಿಸಿಕೊಳ್ಳಬೇಕಾದವರೂ ಅವರೇ. ಆದರೆ ಒಂದೊಂದು ಗಡಿಯಾರಕ್ಕೆ ಒಂದೊಂದು ಹಟ. ಒಂದರ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿಯದಿದ್ದರೆ ಅದು ಬಾಯಿಯನ್ನೇ ಬಿಡದು. ಇನ್ನೊಂದು, ಒಂದು ಸಲ ಹೆಚ್ಚು ಒತ್ತಿದರೆ ಮುನಿಸಿಕೊಂಡು ಮೊದಲಿಗೇ ಹೋಗಿ ಕೂರುತ್ತದೆ. ಮತ್ತೊಂದರಲ್ಲಿ ಮಿನುಗುವ ಅಂಕಿಯೇ ಬೇರೆ, ಬದಲಾಗುವ ಅಂಕಿಯೇ ಬೇರೆ. ವರ್ಲಿನ್ ಇವುಗಳನ್ನು ಕಲಿತದ್ದು ಯಾವಾಗ ಎಂದು ಅವನಿಗೇ ಗೊತ್ತಿಲ್ಲ. ಬಾಯ್ಲರಿನ ತಿರುಪು ಕತ್ತಲಲ್ಲಿ ಕೈಗೆ ಸಿಗುತ್ತಿದ್ದ ಹಾಗೆ ಇವೂ ಸಿಕ್ಕಿದವು. ಬೆರಳು ನಾಲ್ಕಾರು ಸಲ ಆಡಿದರೆ ಮುಗಿಯಿತು, ಗಡಿಯಾರ ಒಡೆಯನ ಕೈಗೆ. ಒಡೆಯ ಅದನ್ನು ನೋಡುವುದೂ ಇಲ್ಲ, ಬಗಲಲ್ಲಿಟ್ಟುಕೊಂಡು ತನ್ನ ಮೇಜಿಗೆ ನಡೆಯುತ್ತಾನೆ. ವರ್ಲಿನ್‌ಗೆ ತುಂಬ ಇಷ್ಟವಾಗುತ್ತಿದ್ದುದು ಅದೇ, ಅವರು ನೋಡದೆ ಹೋಗುವುದು.

"ಏನ್ ಡಾಕ್ಟ್ರೇ, ನನ್ನ ಪೇಷಂಟ್‌ನ ಒಸಿ ನೋಡ್ತೀರಾ?" ಎಂದು ಡ್ವೇನ್ ಸ್ಕಾಗ್ ತನ್ನ ಗಡಿಯಾರವನ್ನು ಎರಡೂ ಕೈಯಲ್ಲಿ ಮಗುವಿನಂತೆ ಚಾಚಿದ. ಡ್ವೇನ್ ಸ್ಟೇಷನ್ ಬೀದಿಯಲ್ಲಿ ಮೀನು ಮಾರುವವನು. ಚೆಸ್ಸಿನಲ್ಲಿ ವರ್ಲಿನ್‌ಗೆ ಸರಿಸಮ, ಬಾಯಲ್ಲಿ ನಾಲ್ಕು ಪಾಲು ಹೆಚ್ಚು.

"ಈ ವರ್ಷಾನೂ ಕಲೀಲಿಲ್ವಲ್ಲೋ."

"ಕಲಿತ್ರೆ ನಿನ್ನ ಕೇಳೋರ್ಯಾರು? ನಿನ್ನ ಮೇಲಿನ ಕರುಣೆಗೆ ಸುಮ್ನಿದೀನಿ ಕಣಯ್ಯಾ." ಡ್ವೇನ್ ದನಿ ತಗ್ಗಿಸಿ ಕಣ್ಣು ಮಿಟುಕಿಸಿದ. "ಹೊಸಾ ಥರ ಸೆಟ್ ಮಾಡು ಮತ್ತೆ. ನಿಂದೇ ಹಳೇ ಪ್ರೀತಿ ತೋರಿಸ್ಬೇಡ."

ಆ ಮಾತು ಮೀನಿನ ಮುಳ್ಳಿನಂತೆ ಚುಚ್ಚಿತು. ಹಳೆಯ ಪ್ರೀತಿ ಎಂದರೆ ಇದು. ಈ ನೆಲಮಾಳಿಗೆಯಲ್ಲಿ ಇಷ್ಟು ವರ್ಷ ಆಡುತ್ತಿದ್ದದ್ದು ಕಾಯುವ ಗಡಿಯಾರ ಇಟ್ಟುಕೊಂಡು. ನಿಮ್ಮ ಸರದಿ ಬಂದಾಗ ಅದು ತಕ್ಷಣ ನಿಮ್ಮ ಹೊತ್ತನ್ನು ಕಡಿಯಲು ಹತ್ತುವುದಿಲ್ಲ, ಐದು ಸೆಕೆಂಡು ಸುಮ್ಮನಿದ್ದು ಆಮೇಲೆ ಹೊರಡುತ್ತದೆ. ಜನವರಿಯ ಸಭೆಯಲ್ಲಿ ಅದನ್ನು ತೆಗೆದು ಕೂಡುವ ಗಡಿಯಾರ ತಂದರು. ಇದು ಕಾಯುವುದಿಲ್ಲ, ನೀವು ನಡೆ ಮುಗಿಸಿ ಗುಂಡಿ ಒತ್ತಿದಾಗಲೆಲ್ಲ ನಿಮ್ಮ ಹೊತ್ತಿಗೆ ಹತ್ತು ಸೆಕೆಂಡು ಸೇರಿಸುತ್ತದೆ. ಲೋಕವೆಲ್ಲ ಹೀಗೇ ಆಡುತ್ತಿದೆ ಎಂದು ಹೇಳಿದವನು ಪಂದ್ಯಾವಳಿ ನಡೆಸುವ ಟೌ ವಾಂಗ್, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ, ಯಾರ ಮೇಲೂ ದನಿ ಏರಿಸದ ಯುವಕ. ವರ್ಲಿನ್ ಎದ್ದು ನಿಂತಿದ್ದ. "ನಡೆಗೊಂದು ಬೋನಸ್ಸಾ? ಯಾವ ಫ್ಯಾಕ್ಟರಿ ಇದು? ಕಾಯೋದು ಮರ್ಯಾದೆ. ಕೂಡೋದು ಲಂಚ." ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕುರ್ಚಿಗಳಲ್ಲಿ ಹಬ್ಬಿದ ಆ ಮೆಲುನಗೆ, ವಯಸ್ಸಾದವರ ಮುಂದೆ ಜನ ಇಟ್ಟುಕೊಳ್ಳುವಂಥದ್ದು, ಅದು ಈಗಲೂ ಕಿವಿಯನ್ನು ಬಿಸಿ ಮಾಡುತ್ತದೆ. ಆಗಲೇ ಹಿಂದಿನ ಸಾಲಿನಿಂದ ಆರ್ಡಿಸ್ ಎದ್ದದ್ದು. ಅವನ ಹೆಂಡತಿ ಆರ್ಡಿಸ್‌ಗೆ ಮಾತು ಸುಲಭಕ್ಕೆ ಬರುವುದಿಲ್ಲ. ತುಟಿಯವರೆಗೂ ಬಂದ ಪದ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮುಖ ಕೆಂಪಾಗುತ್ತದೆ, ಪದ ತನಗೆ ಬೇಕಾದಾಗ ಇಳಿಯುತ್ತದೆ. "ನಾನು ಹೇಳೋದೇನಂದ್ರೆ" ಎಂದು ನಿಂತಳು. ಸಭೆ ಕಾಯಿತು. ವರ್ಲಿನ್‌ಗೆ ಕಾಯಲಾಗಲಿಲ್ಲ. "ಈಗಿರೋದೇ ಸಾಕು ಅಂತಾಳೆ" ಎಂದು ತಾನೇ ಮುಗಿಸಿಬಿಟ್ಟ. ಆರ್ಡಿಸ್ ಅವನನ್ನೊಮ್ಮೆ ನೋಡಿ ಕುಳಿತಳು. ಮತ ಹಾಕಿದರು, ಅವನು ಸೋತ. ಮನೆಗೆ ಬರುವಾಗ ಕಾರಿನಲ್ಲಿ ಅವಳು ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರವನ್ನು ನೋಡುತ್ತ ಕೂತಿದ್ದಳು, ಅವನು ಏನನ್ನೂ ಕೇಳಲಿಲ್ಲ.

ಸೋತ ಮೇಲೂ ಗಡಿಯಾರ ಹೊಂದಿಸುವವನು ಅವನೇ. ಅದನ್ನು ಬೇರೆಯವರಿಗೆ ಬಿಡುವುದುಂಟೆ? ತಾನು ಒಪ್ಪದ ಕ್ರಮವನ್ನು ತಾನೇ ಎಲ್ಲರಿಗಿಂತ ಚೊಕ್ಕವಾಗಿ ಹೊಂದಿಸಿಕೊಡುವುದರಲ್ಲಿ ಒಂದು ಗತ್ತು ಇತ್ತು. ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ, ನಡೆಗೆ ಹತ್ತು ಸೆಕೆಂಡು, ತಗೋ. ತೊಂಬತ್ತು, ಹತ್ತು, ತಗೋ. ಡ್ವೇನನದೂ ಆಯಿತು. ಸಾಲು ಕರಗಿತು. ಎತ್ತರದ ಕಿಟಕಿಗಳಾಚೆ, ಬೀದಿಯ ಹಿಮ ಕರಗಿಸಲು ಎರಚಿದ ಉಪ್ಪು ಮೆತ್ತಿದ ಬೂಟುಗಳು ಬೇಗಬೇಗ ಹಾದುಹೋದವು. ಟೌ ಸುತ್ತು ಶುರುವಾಗುತ್ತದೆಂದು ಕೂಗಿದಾಗ ವರ್ಲಿನ್ ಚೀಲದಿಂದ ತನ್ನ ಗಡಿಯಾರ ತೆಗೆದ. ಡ್ವೇನ್ ಅತ್ತ ಇನ್ನೇನೋ ಹೇಳಿ ನಗಿಸುತ್ತಿದ್ದ, ಆ ನಗು ತನ್ನ ಮೇಲೆಯೇ ಇರಬೇಕು ಎಂದು ವರ್ಲಿನ್ ಅತ್ತಲೇ ಕಣ್ಣಿಟ್ಟಿದ್ದ, ಬೆರಳು ತಮ್ಮ ಪಾಡಿಗೆ ಕೆಲಸ ಮುಗಿಸಿದವು.

ಎದುರಿಗೆ ಕೂತವಳು ಐಲಾ ಕೋಸ್ಕೆಲಾ. ಜಿಲ್ಲಾಡಳಿತದ ಹಿಮ ತೆಗೆಯುವ ಲಾರಿ ಓಡಿಸುವವಳು, ದಪ್ಪ ಮಣಿಕಟ್ಟಿನ, ಕಡಿಮೆ ಮಾತಿನ ಹೆಂಗಸು. ವರ್ಷ ವರ್ಷವೂ ಅವನಿಗೆ ಸೋಲುತ್ತ ಬಂದಿದ್ದಾಳೆ, ಪ್ರತಿ ಸಲವೂ ಇನ್ನೇನು ಗೆದ್ದಳು ಎನ್ನುವಲ್ಲಿಗೆ ಬಂದು. ಕಪ್ಪು ಕಾಯಿ ಅವಳದು, ಆದ್ದರಿಂದ ಯಾರ ಗಡಿಯಾರ ಎನ್ನುವುದು ಅವಳ ಇಷ್ಟ.

"ನಿನ್ನದು ಇಡ್ತೀಯಾ?" ಎಂದ ವರ್ಲಿನ್.

"ನಿಂದೇ ಇರ್ಲಿ ಬಿಡು. ನೀನು ಸೆಟ್ ಮಾಡಿದ್ಮೇಲೆ ಇನ್ನೇನು?" ತನ್ನ ಗಡಿಯಾರವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. "ಈ ಸಲ ನಿನ್ನ ಬಿಡಲ್ಲ ಮುದುಕಪ್ಪ."

"ಹೋದ್ಸಲಾನೂ ಇದನ್ನೇ ಅಂದಿದ್ದೆ."

"ಮುಂದಿನ ಸಲಾನೂ ಅಂತೀನಿ."

ಆಟ ಹೊರಟಿತು. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ವರ್ಲಿನ್ ಅನುಭವಿಸಿದ್ದು ಒಂದು ವಿಚಿತ್ರ ಹಿತ. ಆಟ ಅವನ ಪರವಾಗಿರಲಿಲ್ಲ. ಐಲಾ ಅಂಚಿನ ಸಾಲಿನಲ್ಲಿ ಒಂದು ಪದಾತಿಯನ್ನು ತಳ್ಳುತ್ತ ಬಂದಿದ್ದಳು, ಅದು ರಾಣಿಯಾಗಲು ಎರಡೇ ಮನೆ ಉಳಿದಿತ್ತು, ಅವನ ಆನೆ ಅದರ ಹಿಂದೆ ಬಾಗಿಲು ಕಾಯುತ್ತ ನಿಂತುಬಿಟ್ಟಿತ್ತು. ಆದರೂ ಮನಸ್ಸು ತಣ್ಣಗಿತ್ತು. ಗುಂಡಿ ಒತ್ತುವುದು, ಕೈ ಹಿಂದೆಗೆಯುವುದು, ಎಲ್ಲವೂ ತನ್ನ ಮನೆಯಲ್ಲಿ ನಡೆಯುತ್ತಿರುವಂತೆ. ಈ ಗಡಿಯಾರದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಕೆಳಗೆ ಇಳಿಯುವವರೆಗೆ ಸೆಕೆಂಡುಗಳು ಕಾಣುವುದಿಲ್ಲ, ಇಳಿದ ಮೇಲೆ ಕಾಣುತ್ತವೆ. ಇಬ್ಬರದೂ ಇಳಿದಿತ್ತು, ಐಲಾಳ ಹೊತ್ತು ತೀರ ಇಳಿದಿತ್ತು, ಎರಡು ನಿಮಿಷವೂ ಇರಲಿಲ್ಲ. ವರ್ಲಿನ್ ತನ್ನ ನಡೆ ಮುಗಿಸಿ ಗುಂಡಿ ಒತ್ತಿದ. ಅವಳ ಕಡೆಯ ಅಂಕಿ ನಿಂತೇ ಇತ್ತು. ಅವಳು ತುಟಿ ಕಚ್ಚಿ ಹಲಗೆಯ ಮೇಲೆ ಬಾಗಿದಳು, ಅಂಕಿ ಸುಮ್ಮನೆ ನಿಂತಿತ್ತು, ಆಮೇಲೆ ಮೆಲ್ಲಗೆ ಹೊರಟಿತು. ಎಷ್ಟು ಮರ್ಯಾದಸ್ಥ ವಸ್ತು ಎಂದುಕೊಂಡ ಅವನು. ಬಹಳ ವರ್ಷಗಳ ಹಿಂದೆ ಹೀಗೇ ಒಂದು ದಿನ ಬೇಕರಿಯ ಕಟ್ಟೆಯ ಮುಂದೆ ಆರ್ಡಿಸ್ ಹಸಿರು ಸ್ಕಾರ್ಫು ಕಟ್ಟಿಕೊಂಡು ನಿಂತಿದ್ದಳು, ಬೇಕಾದ ಬ್ರೆಡ್ಡಿನ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಹಿಂದಿನವರು ಬೇಗ ಹೇಳಮ್ಮಾ ಎನ್ನುತ್ತಿದ್ದರು, ಯಾರೋ ಬೆರಳು ತೋರಿಸೆಂದರು. ಪಕ್ಕದಲ್ಲಿದ್ದ ಅವನು ಮಾತ್ರ ಟೋಪಿ ಕೈಯಲ್ಲಿ ಹಿಡಿದು ಸುಮ್ಮನಿದ್ದ. "ರೈ" ಎಂದಳು ಕೊನೆಗೆ. ತಿರುಗಿ ಅವನನ್ನು ನೋಡಿದಳು. ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ವರ್ಲಿನ್ ಅದನ್ನೇ ಹೇಳಿಯಾನು, ಆವತ್ತು ಸುಮ್ಮನೆ ನಿಂತದ್ದು. ಇತ್ತ ಹಲಗೆಯ ಮೇಲೆ ಐಲಾ ರಾಜನನ್ನು ಒಂದು ಮನೆ ಸರಿಸಿ ಗುಂಡಿ ಒತ್ತಿದಳು. ಈಗ ಅವನ ಕಡೆಯ ಅಂಕಿ. ಅದೂ ನಿಂತಿತು, ಅವನಿಗಾಗಿ, ವಿನಯದಿಂದ.

ಈ ಗಡಿಯಾರ ಯಾಕೆ ಕಾಯುತ್ತಿದೆ?

ಕೂಡುವ ಗಡಿಯಾರ ಕಾಯುವುದಿಲ್ಲ. ಐಲಾಳ ಅಂಕಿಯನ್ನು ನೋಡಿದ, ಒತ್ತಿದ ಮೇಲೆ ಅದು ಏರಬೇಕಿತ್ತು, ಏರಿರಲಿಲ್ಲ. ಬೆಳಗಿನಿಂದ ಏರಿಯೇ ಇರಲಿಲ್ಲ. ಹಾಲ್‌ನ ಎಲ್ಲರ ಗಡಿಯಾರವನ್ನೂ ಹೊಸ ಕ್ರಮಕ್ಕೆ ಹೊಂದಿಸಿಕೊಟ್ಟು ತನ್ನೊಂದನ್ನು ಮಾತ್ರ ಹಳೆಯದಕ್ಕೆ ಇಟ್ಟಿದ್ದ. ಕೈ ತಪ್ಪಿತೆ? ಡ್ವೇನನ ನಗುವಿನ ಕಡೆ ಕಣ್ಣಿದ್ದಾಗ ಬೆರಳು ರೂಢಿಯ ದಾರಿ ಹಿಡಿಯಿತೆ? ಅಥವಾ ಬೆರಳಿಗೆ ಗೊತ್ತಿತ್ತೆ? ಜನವರಿಯಲ್ಲಿ ಸೋತ ಮತವನ್ನು ಅವು ತಮ್ಮ ಮಟ್ಟಿಗೆ ಗೆದ್ದುಕೊಂಡವೆ? ಅವನಿಗೆ ನಿಜವಾಗಿ ತಿಳಿಯಲಿಲ್ಲ. ಮಂಡಿಯ ಮೇಲಿದ್ದ ತನ್ನ ಕೈಯನ್ನು ಬೇರೆಯವರ ಕೈಯೆಂಬಂತೆ ನೋಡಿದ. ಲೆಕ್ಕ ಕಷ್ಟವಿರಲಿಲ್ಲ. ನಲವತ್ತೆಂಟು ನಡೆಯಾಗಿತ್ತು, ನಡೆಗೆ ಹತ್ತು, ಎಂಟು ನಿಮಿಷ. ಐಲಾಗೆ ಸೇರಬೇಕಾದ ಎಂಟು ನಿಮಿಷ ಈ ಡಬ್ಬಿ ಕೊಟ್ಟಿಲ್ಲ. ಎಂಟು ನಿಮಿಷವಿದ್ದರೆ ಅವಳು ಪದಾತಿಯನ್ನು ರಾಣಿ ಮಾಡುವ ದಾರಿ ಹುಡುಕಿಯೇ ಹುಡುಕುತ್ತಾಳೆ. ಇಲ್ಲದಿದ್ದರೆ ಇನ್ನೆರಡು ನಡೆಯಲ್ಲಿ ಅವಳ ಹೊತ್ತು ಸೊನ್ನೆಯಾಗುತ್ತದೆ, ಅವನು ಗೆಲ್ಲುತ್ತಾನೆ, ಕೈ ಕುಲುಕುವ ನೆಪದಲ್ಲಿ ಗಡಿಯಾರ ಆರಿಸಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಅವನಿಗೂ ಎಂಟು ನಿಮಿಷ ಹೋಗಿದೆಯಲ್ಲ? ಇಬ್ಬರಿಗೂ ಒಂದೇ ಗಡಿಯಾರ, ಇಬ್ಬರಿಗೂ ಒಂದೇ ನಷ್ಟ, ಅನ್ಯಾಯ ಎಲ್ಲಿ ಬಂತು? ಈ ವಾದ ಬಾಯ್ಲರಿನ ಹಬೆಯ ಹಾಗೆ ಚೆನ್ನಾಗಿ ಮೇಲೆದ್ದು, ಹಾಗೇ ಚೆದುರಿತು. ಹೇಳಿದರೆ ಏನಾಗುತ್ತದೆ ಎನ್ನುವುದು ಮಾತ್ರ ಚೆದುರಲಿಲ್ಲ. ಊರಿಗೆಲ್ಲ ಸರಿಯಾಗಿ ಇಟ್ಟು ತನ್ನದನ್ನು ಮಾತ್ರ ಹಳೆಯದಕ್ಕೆ ಇಟ್ಟುಕೊಂಡನಂತೆ, ಅದೂ ಸೋಲುವ ಆಟದಲ್ಲಿ. ತಪ್ಪಾಯಿತೆಂದರೆ ನಂಬುವವರು ಯಾರು? ಮುಂದಿನ ವರ್ಷ ಅಡುಗೆಮನೆಯ ಬಾಗಿಲಲ್ಲಿ ಸಾಲು ಇರುವುದಿಲ್ಲ.

ಐಲಾ ತಲೆಯೆತ್ತಿ ಗಡಿಯಾರ ನೋಡಿದಳು. ಒಂದು ನಿಮಿಷ ಚಿಲ್ಲರೆ. ಅವಳ ಹುಬ್ಬು ಗಂಟಿಕ್ಕಿತು. ಈಗ ಗೊತ್ತಾಯಿತು ಎಂದುಕೊಂಡ ವರ್ಲಿನ್. ಆದರೆ ಅವಳು ನಡೆ ಬರೆದುಕೊಂಡ ಹಾಳೆಯನ್ನು ನೋಡಿದಳು, ತಲೆಯಾಡಿಸಿದಳು, ಬೆರಳ ಗೆಣ್ಣಿನಿಂದ ತನ್ನ ಹಣೆಗೆ ತಾನೇ ಮೊಟಕಿಕೊಂಡಳು. ಎಲ್ಲಿ ಇಷ್ಟು ಹೊತ್ತು ಕಳೆದೆನೋ ದಡ್ಡಿ, ಎಂದು. ಗಡಿಯಾರದ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಇಷ್ಟು ವರ್ಷ ಜನ ನೋಡದೆ ಹೋಗುತ್ತಿದ್ದುದನ್ನು ಕಂಡು ಅವನು ಉಬ್ಬಿದ್ದನಲ್ಲ, ಆ ನಂಬಿಕೆ ಈಗ ಎದುರಿಗೆ ಕೂತು ತನ್ನ ಹಣೆಗೆ ತಾನು ಮೊಟಕಿಕೊಳ್ಳುತ್ತಿತ್ತು. ವರ್ಲಿನ್‌ಗೆ ತಡೆಯಲಾಗಲಿಲ್ಲ. ಬಂದದ್ದು ಕರುಣೆಯೆಂದು ಅವನೂ ಹೇಳಲಾರ, ಸಿಟ್ಟು. ಕೆಟ್ಟದಾಗಿ ಹೊಂದಿಸಿದ ಒಂದು ಗಡಿಯಾರ ತನ್ನ ಹೆಸರು ಹೇಳಿಕೊಂಡು ಈ ಹಾಲ್‌ನಲ್ಲಿ ಓಡುತ್ತಿದೆ ಎನ್ನುವ ಸಿಟ್ಟು. ನಡುವಿನ ಗುಂಡಿ ಅದುಮಿ ಗಡಿಯಾರ ನಿಲ್ಲಿಸಿ ಕೈ ಎತ್ತಿದ.

ಐಲಾ ಬೆಚ್ಚಿದಳು. "ಏನು?"

ಟೌ ವಾಂಗ್ ಮೆಲ್ಲನೆ ನಡೆದು ಬಂದ. ಅಕ್ಕಪಕ್ಕದ ತಲೆಗಳು ಎದ್ದವು, ಆಟ ಮುಗಿಸಿ ಕಾಫಿ ಹಿಡಿದು ನಿಂತಿದ್ದ ಡ್ವೇನನದು ಎಲ್ಲಕ್ಕಿಂತ ಮೊದಲು.

"ಏನಾಯ್ತು ವರ್ಲಿನ್ ಅವ್ರೇ?"

"ಗಡಿಯಾರ ತಪ್ಪು ಸೆಟ್ ಆಗಿದೆ." ತನ್ನ ಮಾತು ಕೇಳಿ ಅವನಿಗೇ ನಾಚಿಕೆಯಾಯಿತು, ಗಡಿಯಾರದ ಮೇಲೆ ಹೊರಿಸಿಬಿಟ್ಟಂತೆ. "ನಾನು ಮಾಡಿದ್ದು. ಹಳೇದಕ್ಕೆ ಇಟ್ಟಿದೀನಿ. ಕಾಯ್ತಿದೆ, ಕೂಡ್ತಿಲ್ಲ. ಇವಳಿಗೆ ಎಂಟು ನಿಮಿಷ ಬರ್ಬೇಕು. ನನಗೂ."

ಟೌ ಹಾಳೆ ನೋಡಿ ಲೆಕ್ಕ ಹಾಕಿದ. "ಹೆಂಗಾಯ್ತು?"

"ಗೊತ್ತಿಲ್ಲ."

ಕೈತಪ್ಪಿನಿಂದ ಎಂದಿದ್ದರೆ ಆಗುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಲು ಬಾಯಿ ಬರಲಿಲ್ಲ. ಹಿಂದಿನಿಂದ ಡ್ವೇನ್, "ಹಳೇ ಪ್ರೀತಿ" ಎಂದ. ಅವನು ತಮಾಷೆಗೇ ಅಂದದ್ದು, ಅಂದ ಮೇಲೆ ತಾನೇ ಕಾಫಿ ಲೋಟದೊಳಗೆ ಮುಖ ಹಾಕಿಕೊಂಡ. ಟೌ, "ಇರ್ಲಿ, ಆಗುತ್ತೆ" ಎಂದು ಮೃದುವಾಗಿ ಹೇಳಿ, ಅಷ್ಟೇ ಮೃದುವಾಗಿ ಗಡಿಯಾರವನ್ನು ವರ್ಲಿನ್‌ನ ಮುಂದಿನಿಂದ ತನ್ನ ಕಡೆ ಎಳೆದುಕೊಂಡ. ಅದು ಅವನ ಹಕ್ಕು, ಪಂದ್ಯಾವಳಿ ಅವನದು. ಆದರೆ ಆ ಎಳೆತದಲ್ಲಿ ವರ್ಲಿನ್‌ನ ಎದೆಯೊಳಗಿನದೊಂದು ಜೊತೆಗೇ ಹೋಯಿತು. ಬೈದಿದ್ದರೂ ಇಷ್ಟು ಆಗುತ್ತಿರಲಿಲ್ಲ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ, ಶಾಲೆಯಲ್ಲಿ ಮೇಷ್ಟರು ಕೂರಿಸಿದಂತೆ.

"ಅವನೇ ಮಾಡ್ಲಿ," ಎಂದಳು ಐಲಾ.

ಟೌ ಅವಳನ್ನು ನೋಡಿದ.

"ಅವನೇ ಸೆಟ್ ಮಾಡ್ಲಿ ಅಂದೆ. ಇಷ್ಟು ವರ್ಷ ಇವನ ಗಡಿಯಾರದ ಮೇಲೆ ಸೋತಿದೀನಿ. ಗೆದ್ರೆ ಅದರ ಮೇಲೇ ಗೆಲ್ಬೇಕು. ಬೇರೆಯವ್ರು ಸೆಟ್ ಮಾಡಿ, ನಾಳೆ ಈ ಮುದುಕ ಅದನ್ನೇ ನೆಪ ಹೇಳೋದು ಬೇಡ."

ಟೌ ನಕ್ಕು ಗಡಿಯಾರವನ್ನು ವಾಪಸು ತಳ್ಳಿದ. ವರ್ಲಿನ್ ತೊಡೆಯ ಕೆಳಗಿನಿಂದ ಕೈ ತೆಗೆದ. ಆಟದ ನಡುವೆ ಕ್ರಮ ಬದಲಿಸುವುದು ಸುಲಭವಲ್ಲ. ಆರಿಸಿದ ಕೂಡಲೇ ಉಳಿದ ಹೊತ್ತೆಲ್ಲ ಅಳಿಸಿಹೋಗುತ್ತದೆ, ಮೊದಲು ಬರೆದುಕೊಳ್ಳಬೇಕು, ಆಮೇಲೆ ಎರಡೂ ಕಡೆಯ ಒಂದೊಂದು ಅಂಕಿಯನ್ನೂ ಹೊಸದಾಗಿ ಕಟ್ಟಬೇಕು, ಯಾರ ಸರದಿ ಎನ್ನುವುದನ್ನೂ ಅದಕ್ಕೆ ತಿಳಿಸಬೇಕು. ಹಾಲ್‌ನ ಅರ್ಧ ಮಂದಿ ಸುತ್ತ ನಿಂತಿದ್ದರು. ಅವನಿಗೆ ಯಾರೂ ಕಾಣಲಿಲ್ಲ. ಅಂಕಿ ಮಿನುಗಿತು, ಒತ್ತಿದ, ಮುಂದಿನದು ಮಿನುಗಿತು, ಒತ್ತಿದ. ಈ ಸಲ ಬೆರಳಿನ ಪಾಡಿಗೆ ಬೆರಳನ್ನು ಬಿಡಲಿಲ್ಲ, ಒಂದೊಂದು ಒತ್ತಿಗೂ ಕಣ್ಣು ಜೊತೆಗಿತ್ತು. ಮುಗಿಸಿ ಗಡಿಯಾರವನ್ನು ಮೇಜಿನ ಗೆರೆಗೆ ಸರಿಯಾಗಿ ನೇರ ಮಾಡಿ ಇಟ್ಟ. "ಹೂಂ" ಎಂದ. ಆ ಹೂಂ ಅವನು ಎಣಿಸಿದ್ದಕ್ಕಿಂತ ಜೋರಾಗಿ ಬಂತು, ಬಂದದ್ದು ಅವನಿಗೆ ಇಷ್ಟವೂ ಆಯಿತು. ಅವನು ಆನೆಯನ್ನು ಸರಿಸಿ ಒತ್ತಿದ. ಅವಳು ಉತ್ತರ ಆಡಿ ಒತ್ತಿದಳು, ಅವಳ ಅಂಕಿ ಹತ್ತು ಮೇಲೇರಿತು. ಗುಂಪಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

ಐಲಾ ಗೆದ್ದಳು. ದಾರಿ ಹುಡುಕಲು ಅವಳಿಗೆ ಎಂಟು ನಿಮಿಷವೂ ಬೇಕಾಗಲಿಲ್ಲ. ಪದಾತಿ ರಾಣಿಯಾದಾಗ ವರ್ಲಿನ್ ತನ್ನ ರಾಜನನ್ನು ಮಲಗಿಸಿ ಕೈ ಚಾಚಿದ. ಅವಳು ಹಿಡಿದ ಹಿಡಿತಕ್ಕೆ ಬೆರಳು ನೊಂದಿತು. "ಒಳ್ಳೇ ಗಡಿಯಾರ," ಎಂದಳು. ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ. ಅವಳ ಮುಖವೆಲ್ಲ ನಗೆಯಾಗಿತ್ತು, ಇಂದು ಅವಳು ಏನು ಹೇಳಿದರೂ ನಡೆಯುತ್ತಿತ್ತು.

ಅಡುಗೆಮನೆಯ ಕಟ್ಟೆಯಾಚೆ ಆರ್ಡಿಸ್ ನಿಂಬೆಹಣ್ಣಿನ ಸಿಹಿ ಬಾರ್‌ಗಳನ್ನು ಕತ್ತರಿಸುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಕೇಳದೆಯೇ ಕಾಫಿ ಸುರಿದು ಕೊಟ್ಟಳು. ಅವನು ಕಟ್ಟೆಗೆ ಒರಗಿ ನಿಂತ. ಏನೇನೋ ಹೇಳಬೇಕೆನಿಸಿ, ಹೇಳಿದ್ದು ಮಾತ್ರ ಬೇರೆ.

"ಜನವರಿ ಮೀಟಿಂಗ್‌ನಲ್ಲಿ ನೀನು ಎದ್ದು ನಿಂತ್ಯಲ್ಲ. ಏನು ಹೇಳೋಕೆ ಹೊರಟಿದ್ದೆ?"

ಆರ್ಡಿಸ್ ಚಾಕು ಕೆಳಗಿಟ್ಟಳು. ಪದ ಬಂದು ತುಟಿಯ ಹಿಂದೆ ನಿಂತಿತು. ಮುಖ ಕೆಂಪಾಯಿತು. ಕಾಫಿಗೆ ಬಂದಿದ್ದ ಒಬ್ಬ ಇನ್ನೇನು ಬಾಯಿ ಹಾಕುವವನಿದ್ದ, ವರ್ಲಿನ್ ಕೈಯೆತ್ತಿ ತಡೆದ. ತಾನೂ ಏನನ್ನೂ ಊಹಿಸಲು ಹೋಗಲಿಲ್ಲ. ಎರಡು ತಿಂಗಳು ಎದೆಯಲ್ಲಿಟ್ಟುಕೊಂಡಿದ್ದಾಳೆ, ಏನಾದರೂ ಬರಲಿ ಎಂದು ಗಟ್ಟಿಯಾಗಿ ನಿಂತ.

"ಕಾಫಿ..." ಎಂದಳು. ಮತ್ತೆ ನಿಂತಿತು. ಮತ್ತೆ ಬಂತು. "ಕಾಫಿ ಆರ್ತಿದೆ, ಬೇಗ ಮುಗಿಸ್ರೋ ಅಂತ."

"ಅಷ್ಟೇನಾ?"

"ಅಷ್ಟೇ. ನೀನು ಅದನ್ನ... ಭಾಷಣ ಮಾಡಿಬಿಟ್ಟೆ."

ಅವನಿಗೆ ನಗು ಬಂತು. ತಡೆದಷ್ಟೂ ಬಂತು, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಆರ್ಡಿಸ್ ಒರೆಸುವ ಬಟ್ಟೆ ಎಸೆದು, ಸೋತವನಿಗೆಂದು ಅಂಚಿನ ತುಂಡನ್ನೇ ಕೊಟ್ಟಳು.

ಮಧ್ಯಾಹ್ನದ ಸುತ್ತಿನಲ್ಲಿ ಅವನ ಎದುರಾಳಿ ಡ್ವೇನ್. ಹಾಲ್‌ಗೆ ಕಾಲಿಟ್ಟಾಗಲೇ ವರ್ಲಿನ್‌ಗೆ ಬದಲಾವಣೆ ತಿಳಿಯಿತು. ಜನ ಗಡಿಯಾರಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸುತ್ತಿದ್ದರು. ಅವನನ್ನು ಕಂಡು ಕೆಳಗಿಡುತ್ತಿದ್ದರು. ಬೆಳಗಿನ ಆಟಗಳು ಹೆಚ್ಚಿನವು ಸೆಕೆಂಡು ಕಾಣುವ ಮೊದಲೇ ಮುಗಿದಿದ್ದವು, ಅವನು ಹೊಂದಿಸಿಕೊಟ್ಟ ಉಳಿದ ಗಡಿಯಾರಗಳು ಸರಿಯಿವೆಯೇ ಎಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಅವನೂ ಹೇಳುವಂತಿರಲಿಲ್ಲ. ಒಂದು ತಪ್ಪಿದ ಕೈ ಹತ್ತು ತಪ್ಪಿರಲಾರದೇ? ಆ ಮಧ್ಯಾಹ್ನ ಅವನು ಆಡಿದ್ದು ಕಡಿಮೆ. ಕಿವಿಯೆಲ್ಲ ಹಾಲ್‌ನ ಮೇಲಿತ್ತು, ಯಾವ ಮೂಲೆಯಿಂದ ಕೈ ಏಳುವುದೋ ಎಂದು. ಕಿಟಕಿಯ ಬೆಳಕು ಹಳದಿಗೆ ತಿರುಗುವಾಗ ಒಂದೊಂದೇ ಗಡಿಯಾರ ಇಪ್ಪತ್ತರ ಕೆಳಗಿಳಿಯತೊಡಗಿತು. ಪಕ್ಕದ ಮೇಜಿನವನು ಗುಂಡಿ ಒತ್ತಿ ಕೈ ತೆಗೆಯದೆ ನೋಡಿದ. ಏರಿತು. ಅದರಾಚೆಯವಳು ನೋಡಿದಳು. ಏರಿತು. ಮೂರನೆಯ ಸಾಲಿನಲ್ಲಿ ಐಲಾ ತನ್ನದನ್ನು ನೋಡಲೇ ಇಲ್ಲ, ಒತ್ತಿ ಹಲಗೆಗೆ ಬಾಗಿದಳು, ಅವಳದೂ ಏರಿರಬೇಕು. ಸಾಲಿನಿಂದ ಸಾಲಿಗೆ ಜನ ಒತ್ತಿ ನೋಡಿ, ನೋಡಿ ಸುಮ್ಮನಾದರು. ಒಂದು ಕೈಯೂ ಮೇಲೇಳಲಿಲ್ಲ. ವರ್ಲಿನ್‌ನ ಎದೆ ಹಿಗ್ಗುತ್ತ ಬಂತು, ಈ ಸಲ ಅದಕ್ಕೆ ಅವನು ತನ್ನ ಮೇಲೆ ಸಿಟ್ಟಾಗಲಿಲ್ಲ. ತನ್ನ ನಡೆ ಆಡಿ ತನ್ನ ಗುಂಡಿ ಒತ್ತಿದ. ಒತ್ತಿ, ತನ್ನ ಕೈಯಿಂದಲೇ ಹೊಂದಿಸಿದ ಗಡಿಯಾರದ ಮೇಲೆ ಜೀವಮಾನದಲ್ಲಿ ಮೊದಲ ಸಲ ಬಾಗಿ ನೋಡಿದ. ಎದುರಿನಿಂದ ಡ್ವೇನನೂ ಬಾಗಿದ. ಇಬ್ಬರ ತಲೆ ತಾಕುವಷ್ಟು ಹತ್ತಿರ ಬಂದವು.

ಏರಿತು.

"ಕೂಡ್ತು ಕಣಯ್ಯಾ," ಎಂದು ಪಿಸುಗುಟ್ಟಿದ ಡ್ವೇನ್.

"ಕೂಡ್ದೆ ಏನು?"

"ಅಲ್ಲ, ಸಂತೋಷ." ಡ್ವೇನ್ ಹಲಗೆಯ ಕಡೆ ತಿರುಗಿ, ವರ್ಲಿನ್ ಬಯಲಲ್ಲಿ ಬಿಟ್ಟುಬಂದಿದ್ದ ಕುದುರೆಯನ್ನು ಎರಡು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟ. "ಆದ್ರೆ ಕುದುರೆ ಹೋಯ್ತು ನೋಡು."

ಹೋಗಿತ್ತು. ನೋಡಿದರೆ ಆಟವೂ ಹೋದ ಹಾಗೇ. ವರ್ಲಿನ್ ಕುರ್ಚಿಗೆ ಒರಗಿ, ಕೈಕಟ್ಟಿ, ಹಾಲ್‌ನ ತುಂಬ ಕೆಂಪಗೆ, ಹಸಿರಾಗಿ, ಬೂದುಬಣ್ಣವಾಗಿ ಕೂತ ಗಡಿಯಾರಗಳನ್ನೆಲ್ಲ ಒಮ್ಮೆ ನೋಡಿದ. ಕುದುರೆ ಹೋದರೆ ಹೋಗಲಿ. ಗಡಿಯಾರ ಸರಿ ಇತ್ತು.